ನೀರುಂಟು, ಎತ್ತರವಿಲ್ಲ: ಕೊರಟಗೆರೆ ಸೀಮೆಯ ಒಂದು ಕುಲುಮೆಯ ಪ್ರಕರಣ

ಕಮ್ಮಾರರ ಮನೆಯ ಹುಡುಗ ಐಟಿಐನಲ್ಲಿ ಫಿಟ್ಟರ್ ಓದಿದವನು. ಎರಡು ವರ್ಷ ಕಾರ್ಖಾನೆಯಲ್ಲಿ ದುಡಿದು ಊರಿಗೆ ವಾಪಸು ಬಂದಿದ್ದ. ಒಂದು ಸಂಜೆ ನಮ್ಮ ಮನೆ ಜಗಲಿಯ ಮೇಲೆ ಕೂತು ಫೋನು ನನ್ನ ಮುಂದೆ ಹಿಡಿದ. ಪರದೆಯಲ್ಲಿ ಆಳೆತ್ತರದ ಚಕ್ರವೊಂದರ ನೆತ್ತಿಗೆ ನೀರು ಬೀಳುತ್ತಿತ್ತು. ಚಕ್ರ ಅವಸರವಿಲ್ಲದೆ ಉರುಳುತ್ತಿತ್ತು. ಒಳಗೆ ಅದರ ದಿಂಡಿಗೆ ಸಿಕ್ಕ ಸಮ್ಮಟಿಗೆ ಯಾರ ಕೈಯೂ ಇಲ್ಲದೆ ಎದ್ದು ಬೀಳುತ್ತಿತ್ತು, ಕೆಳಗೆ ಕೆಂಪಗೆ ಕಾದ ಕಬ್ಬಿಣ ಚಪ್ಪಟೆಯಾಗುತ್ತಿತ್ತು.

"ಮೇಷ್ಟ್ರೆ, ನಮ್ ಕೆರೆ ತೂಬಿನ ಹತ್ರ ಇಂಥದ್ದೊಂದು ನಿಲ್ಸಿದ್ರೆ ಅವ್ವಂಗೆ ಸಮ್ಮಟ್ಗೆ ತಪ್ಪುತ್ತೆ."

ಪಾಲಿಟೆಕ್ನಿಕ್‌ನಲ್ಲಿ ಮೂವತ್ತು ವರ್ಷ ಮೆಕ್ಯಾನಿಕಲ್ ಪಾಠ ಮಾಡಿದವನಿಗೆ ನಿವೃತ್ತಿಯ ಮೇಲೆ ಇಂಥ ಪ್ರಶ್ನೆ ಬಂದರೆ ಹಬ್ಬದೂಟ ಸಿಕ್ಕಂತೆ. ಅದೂ ಅಲ್ಲದೆ, ಅಷ್ಟು ವರ್ಷ ಬೋರ್ಡಿನ ಮೇಲೆ ಬರೆದ ನೀರುಚಕ್ರದ ಲೆಕ್ಕವನ್ನು ಒಂದು ನಿಜವಾದ ಕಾಲುವೆಯ ಮುಂದೆ ನಿಂತು ನಾನೂ ಎಂದೂ ಮಾಡಿರಲಿಲ್ಲ. ಸರಿ ನಡಿ ಎಂದೆ. ನಾಲ್ಕು ತಿಂಗಳು ಅಲ್ಲಿಗೆ ಓಡಾಡಿದೆ. ಆ ಓಡಾಟದಲ್ಲಿ ಕಂಡದ್ದನ್ನು ಇಲ್ಲಿ ಬರೆದಿದ್ದೇನೆ. ಊರಿನ ಹೆಸರು, ಮನೆಯವರ ಹೆಸರು ಬೇಡ ಎಂದರು, ಬಿಟ್ಟಿದ್ದೇನೆ. ಜಯಮಂಗಲಿ ಹೊಳೆಯ ಬಯಲು, ಕೊರಟಗೆರೆ ತಾಲ್ಲೂಕು. ಇಷ್ಟು ಸಾಕು.

ಕುಲುಮೆ ಇರುವುದು ಊರಾಚೆ, ಕೆರೆ ಏರಿಯಿಂದ ಕೂಗಳತೆ ದೂರದಲ್ಲಿ, ಒಂದು ಹುಣಸೆಮರದ ಕೆಳಗೆ. ನಾಲ್ಕು ಕಲ್ಲುಕಂಬ, ಮೇಲೆ ಶೀಟು. ಒಲೆ ನೆಲದಲ್ಲೇ ಇದೆ. ಅಡಿಗಲ್ಲು ಎಂಬುದು ರೈಲು ಕಂಬಿಯ ತುಂಡು, ಹುಣಸೆ ಬೊಡ್ಡೆಯಲ್ಲಿ ಹೂತಿದ್ದಾರೆ. ಕಬ್ಬಿಣ ಲಾರಿಯ ಹಳೆ ಸ್ಪ್ರಿಂಗ್ ಪ್ಲೇಟು, ಗುಜರಿಯಿಂದ ತೂಕಕ್ಕೆ ತಂದದ್ದು. ಅಜ್ಜನ ಕಾಲದಲ್ಲಿ ತೊಗಲಿನ ತಿದಿ ಇತ್ತಂತೆ. ಆಮೇಲೆ ಕೈಯಲ್ಲಿ ತಿರುಗಿಸುವ ಗಾಳಿಚಕ್ರ ಬಂತು. ಈಗ ಕಾಲು ಎಚ್‌ಪಿ ಬ್ಲೋವರ್. ಅಲ್ಲಿಗೆ ಗಾಳಿಯ ಕಷ್ಟ ತೀರಿದೆ. ಹೊಡೆತದ ಕಷ್ಟ ಮಾತ್ರ ಹಾಗೇ ಉಳಿದಿದೆ. ಅಪ್ಪನ ಎಡಗೈಯಲ್ಲಿ ಇಕ್ಕಳ, ಬಲಗೈಯಲ್ಲಿ ಸಣ್ಣ ಸುತ್ತಿಗೆ. ಆತ ಎಲ್ಲಿ ತಟ್ಟಿ ತೋರಿಸುತ್ತಾನೋ ಅದೇ ಜಾಗಕ್ಕೆ ಎದುರು ನಿಂತ ಅವ್ವ ಸಮ್ಮಟಿಗೆ ಇಳಿಸಬೇಕು. ಮದುವೆಯಾಗಿ ಬಂದ ವಾರದಿಂದ ಇಳಿಸುತ್ತಿದ್ದಾಳೆ. ಈಗ ಐವತ್ತು ದಾಟಿದೆ, ಬಲಗೈ ಭುಜದಿಂದ ಮೇಲೆ ಏಳುವುದಿಲ್ಲ. ತಲೆ ಬಾಚಿಕೊಳ್ಳುವುದು ಎಡಗೈಯಲ್ಲಿ. ಸಮ್ಮಟಿಗೆಗೆ ಆಳು ಹಿಡಿಯೋಣವೆಂದರೆ ಊರಿನ ಹುಡುಗರೆಲ್ಲ ಬೆಳಗ್ಗೆ ಆರಕ್ಕೆ ವಸಂತನರಸಾಪುರದ ಕಾರ್ಖಾನೆಗಳ ಬಸ್ಸು ಹತ್ತುತ್ತಾರೆ.

ಕೆಲಸಕ್ಕೆ ಬರವಿಲ್ಲ. ಯುಗಾದಿ ಕಳೆದರೆ ಮುಂಗಾರು ಬೀಳುವವರೆಗೆ ಗುಳ ಬಡಿಯುವುದು, ಗುದ್ದಲಿ, ಹಾರೆ, ಪಿಕಾಸಿ ಮೊನೆ, ಟ್ರ್ಯಾಕ್ಟರ್ ಕಲ್ಟಿವೇಟರಿನ ಮೊನೆ. ದೀಪಾವಳಿ ಹೊತ್ತಿಗೆ ರಾಗಿ ಕುಯ್ಲಿನ ಕುಡುಗೋಲಿಗೆ ಕಕ್ಕು ಹಾಕಬೇಕು. ಎಳನೀರು ಕೊಚ್ಚುವ ಮಚ್ಚಿಗೆ ಕಾಲ ಎಂಬುದೇ ಇಲ್ಲ, ಅದು ವರ್ಷವಿಡೀ ಬರುತ್ತದೆ. ಈ ಕಾಲದ ಲೆಕ್ಕವನ್ನು ಓದುಗರು ನೆನಪಿನಲ್ಲಿ ಇಟ್ಟುಕೊಂಡಿರಬೇಕು, ಮುಂದೆ ಬೇಕಾಗುತ್ತದೆ.

ಚಕ್ರದ ವಂಶ

ಹುಡುಗ ನೋಡಿದ್ದು ಇಂಗ್ಲೆಂಡಿನ ಡೆವನ್ ಪ್ರಾಂತ್ಯದ ಸ್ಟಿಕಲ್‌ಪಾತ್ ಎಂಬ ಹಳ್ಳಿಯ ಫಿಂಚ್ ಫೌಂಡ್ರಿ. ಹೆಸರಿನಲ್ಲಿ ಫೌಂಡ್ರಿ ಇದ್ದರೂ ಅದು ಎರಕದ ಮನೆಯಲ್ಲ, ಕುಲುಮೆಯೇ. 1814ರಲ್ಲಿ ವಿಲಿಯಂ ಫಿಂಚ್ ಎಂಬ ಕಮ್ಮಾರ ಅಲ್ಲಿ ಕೆಲಸ ಶುರುಮಾಡಿದ. 1960ರಲ್ಲಿ ಕಟ್ಟಡದ ಗೋಡೆ ಕುಸಿದು ಬಾಗಿಲು ಹಾಕುವವರೆಗೆ ಅದೇ ಮನೆತನ ನಡೆಸಿತು. ಟಾ ಎಂಬ ಸಣ್ಣ ಹೊಳೆಯಿಂದ ಕಾಲುವೆ ತೆಗೆದು ಮೂರು ಚಕ್ರ ತಿರುಗಿಸುತ್ತಿದ್ದರು. ಒಂದು ಸಮ್ಮಟಿಗೆಗಳನ್ನು ಎತ್ತಲು, ಒಂದು ಒಲೆಗಳಿಗೆ ಗಾಳಿ ಊದಲು, ಇನ್ನೊಂದು ಸಾಣೆಕಲ್ಲಿಗೆ. ಸಾಣೆ ಹಿಡಿಯುವವನು ಕಲ್ಲಿನ ಮೇಲೆ ಅಡ್ಡ ಹಾಕಿದ ಹಲಗೆಯಲ್ಲಿ ಬೋರಲು ಮಲಗಿ ಕೆಲಸ ಮಾಡಬೇಕಿತ್ತು, ಮೂಗಿನ ಕೆಳಗೇ ಕಲ್ಲು ಗಿರ್ರನೆ ಸುತ್ತುತ್ತಿತ್ತು. ಭರಾಟೆಯ ದಿನಗಳಲ್ಲಿ ದಿನಕ್ಕೆ 400 ಹತಾರಗಳು ಹೊರಬೀಳುತ್ತಿದ್ದವಂತೆ: ಕುಡುಗೋಲು, ಕೊಡಲಿ, ಸನಿಕೆ, ಗುದ್ದಲಿ. ನಮ್ಮ ಕುಲುಮೆಯಲ್ಲಿ ತಯಾರಾಗುವುದೂ ಇವೇ. ಹುಡುಗನ ಆಸೆ ಬುಡವಿಲ್ಲದ್ದಲ್ಲ ಎಂದು ನನಗೆ ಅನ್ನಿಸಿದ್ದು ಈ ಪಟ್ಟಿ ಕಂಡಾಗ.

ಚಕ್ರದ ಮೂಲ ಇನ್ನೂ ಹಿಂದಕ್ಕೆ ಹೋಗುತ್ತದೆ. ಕ್ರಿ.ಶ. 31ರಲ್ಲಿ ಚೀನಾದ ನಾನ್‌ಯಾಂಗ್ ಪ್ರಾಂತ್ಯದ ಅಧಿಕಾರಿ ದು ಶಿ ಎಂಬಾತ ನೀರಿನ ಚಕ್ರದಿಂದ ತಿದಿ ಒತ್ತುವ ಏರ್ಪಾಟು ಮಾಡಿದ. ಅಲ್ಲಿ ಎರಕ ಹೊಯ್ಯುತ್ತಿದ್ದದ್ದೂ ಬೇಸಾಯದ ಹತಾರಗಳನ್ನೇ. ಅಂದರೆ ನೀರು ಕುಲುಮೆಯೊಳಗೆ ಮೊದಲು ಬಂದದ್ದು ಗಾಳಿ ಊದುವುದಕ್ಕೆ. ಯೂರೋಪಿನಲ್ಲಿ ಕ್ರೈಸ್ತ ಸನ್ಯಾಸಿಗಳ ಮಠಗಳು ಇದನ್ನು ಚೆನ್ನಾಗಿ ಬಳಸಿಕೊಂಡವು. ಫ್ರಾನ್ಸಿನ ಫಾಂಟನೆ ಮಠದಲ್ಲಿ ಆ ಕಾಲದ ಕುಲುಮೆಯ ಕಟ್ಟಡ ಇಂದಿಗೂ ನಿಂತಿದೆ, ಪಕ್ಕದಲ್ಲೇ ತಿರುಗಿಸಿ ತಂದ ಹೊಳೆ ಹರಿಯುತ್ತದೆ.

ಯಂತ್ರದ ಗುಟ್ಟು ಬಹಳ ಸರಳ. ಚಕ್ರದ ದಿಂಡಿಗೆ ಸುತ್ತ ಹಲ್ಲು ಬಡಿದಿರುತ್ತಾರೆ. ಸಮ್ಮಟಿಗೆಯ ಉದ್ದ ಕಾವು ಏತದ ಮರದಂತೆ ನಡುವೆ ಒಂದು ಗೂಟದ ಮೇಲೆ ಕೂತಿರುತ್ತದೆ. ದಿಂಡು ಸುತ್ತಿದಾಗ ಹಲ್ಲು ಬಂದು ಕಾವಿನ ಬಾಲವನ್ನು ಕೆಳಕ್ಕೆ ಅದುಮುತ್ತದೆ, ತಲೆ ಮೇಲೇಳುತ್ತದೆ. ಹಲ್ಲು ಜಾರಿದೊಡನೆ ತಲೆ ಬೀಳುತ್ತದೆ. ಏತ ಹತ್ತಿದವರಿಗೆ ಇದನ್ನು ವಿವರಿಸಬೇಕಾದ್ದೇ ಇಲ್ಲ. ನಾನು ನೆಲದ ಮೇಲೆ ಕಡ್ಡಿಯಲ್ಲಿ ಗೀಚಿ ತೋರಿಸಿದಾಗ ಅಪ್ಪ, ಹುಡುಗನಲ್ಲ, "ಏತಾನೇ ಅಲ್ವಾ ಮೇಷ್ಟ್ರೆ, ತಿರುಗಾ ಮುರುಗಾ" ಎಂದ.

ಅವನ ಮಾತು ನನ್ನನ್ನು ಹಿಡಿದು ನಿಲ್ಲಿಸಿತು. ಏತ, ಕಪಿಲೆ, ರಾಟೆ, ಆಮೇಲೆ ಪಂಪ್‌ಸೆಟ್ಟು. ನಮ್ಮ ಸೀಮೆಯಲ್ಲಿ ಯಂತ್ರ ಎಂಬುದು ನೀರನ್ನು ಎತ್ತುತ್ತ ಬಂದಿದೆ. ನೀರು ಯಂತ್ರವನ್ನು ತಿರುಗಿಸಿದ ಉದಾಹರಣೆ ನಾನು ಹುಟ್ಟಿ ಬೆಳೆದ ಈ ಬಯಲಿನಲ್ಲಿ ಒಂದೂ ಕಂಡಿಲ್ಲ. ನಮ್ಮವರಿಗೆ ಬುದ್ಧಿ ಹೊಳೆಯಲಿಲ್ಲವೆ?

ಒಂದು ಕ್ಯೂಸೆಕ್, ಆರು ಅಡಿ

ರಾಗಿ ಕುಯ್ಲು ಮುಗಿದು ಕೆರೆಯ ತೂಬು ಎತ್ತಿದ್ದ ವಾರ ಅಳತೆಗೆ ಹೋದೆವು. ಕಾಲುವೆಯ ಅಗಲ ಎರಡು ಅಡಿ, ನೀರಿನ ಆಳ ಒಂಬತ್ತು ಅಂಗುಲ. ಮೂವತ್ತು ಅಡಿ ಗುರುತು ಹಾಕಿ ನಿಂಬೆಹಣ್ಣು ತೇಲಿಬಿಟ್ಟೆವು. ಮೂರು ಸಲ ಬಿಟ್ಟರೂ ನಲವತ್ತು ಸೆಕೆಂಡಿನ ಆಸುಪಾಸು. ಮೇಲುನೀರಿಗಿಂತ ತಳದ ನೀರು ನಿಧಾನ, ಅದನ್ನು ಕಳೆದರೆ ಹರಿವು ಸುಮಾರು ಒಂದು ಕ್ಯೂಸೆಕ್, ಅಂದರೆ ಸೆಕೆಂಡಿಗೆ 28 ಲೀಟರು. ಕಾಲುವೆ ಒಂದು ಕಡೆ ದಿಣ್ಣೆಯ ಮಗ್ಗುಲಲ್ಲಿ ಹೋಗುತ್ತದೆ, ಅಲ್ಲಿ ಪಕ್ಕದಲ್ಲೇ ಹಳ್ಳ. ಗಾರೆ ಕೆಲಸದವರ ಲೆವೆಲ್ ಪೈಪು ಹಿಡಿದು ನೋಡಿದರೆ ಕಾಲುವೆಯಿಂದ ಹಳ್ಳಕ್ಕೆ ಆರು ಅಡಿ ಇಳಿತ ಸಿಕ್ಕಿತು. ಹುಡುಗ ಜಾಗವನ್ನು ಮೊದಲೇ ನೋಡಿಟ್ಟಿದ್ದ.

28 ಲೀಟರು ನೀರು ಆರು ಅಡಿ ಬಿದ್ದರೆ ಹುಟ್ಟುವ ಶಕ್ತಿ ಸುಮಾರು 500 ವ್ಯಾಟ್. ಚಕ್ರ ಅದಷ್ಟನ್ನೂ ಕೊಡುವುದಿಲ್ಲ. 1759ರಲ್ಲಿ ಜಾನ್ ಸ್ಮೀಟನ್ ಎಂಬ ಎಂಜಿನಿಯರು ಪುಟ್ಟ ಮಾದರಿಗಳನ್ನು ಕಟ್ಟಿ ಅಳೆದು ತೋರಿಸಿದ ಹಾಗೆ, ತಳದಲ್ಲಿ ನೀರು ತಳ್ಳುವ ಚಕ್ರಕ್ಕಿಂತ ನೆತ್ತಿಯ ಮೇಲೆ ನೀರು ಬೀಳುವ ಚಕ್ರ ಎರಡು ಪಟ್ಟು ಕೆಲಸ ಮಾಡುತ್ತದೆ. ನೆತ್ತಿಚಕ್ರವೇ ಕೂರಿಸಿದರೂ ನೂರಕ್ಕೆ ಅರವತ್ತು ಹಿಡಿಯೋಣ, 300 ವ್ಯಾಟ್. ಅರ್ಧ ಎಚ್‌ಪಿಯೂ ಅಲ್ಲ. ಹುಡುಗನ ಮುಖ ಇಳಿಯಿತು.

ಆದರೆ ಬೇಕಾದ್ದೆಷ್ಟು ಎಂದೂ ನೋಡಬೇಕಲ್ಲ. ಐದಡಿ ಅಡ್ಡಳತೆಯ ಚಕ್ರ ನಿಮಿಷಕ್ಕೆ ಹದಿನಾಲ್ಕು ಸುತ್ತು ಸುತ್ತಿದರೆ, ದಿಂಡಿಗೆ ಆರು ಹಲ್ಲು ಇದ್ದರೆ, ಎಂಬತ್ತನಾಲ್ಕು ಏಟು. 20 ಕಿಲೋ ಸಮ್ಮಟಿಗೆ ಪ್ರತಿ ಏಟಿಗೂ ಎಂಟು ಅಂಗುಲ ಏಳಬೇಕು. ಇದಕ್ಕೆ ಹಿಡಿಯುವುದು ಬರೀ 55 ವ್ಯಾಟ್. ಉಜ್ಜಾಟಕ್ಕೆ, ಸಡಿಲ ಬಡಗಿ ಕೆಲಸಕ್ಕೆ ಅಷ್ಟೇ ಇನ್ನೊಂದು ಪಾಲು ಹೋದರೂ 110. ಗಟ್ಟಿಮುಟ್ಟಾದ ಆಳೊಬ್ಬ ಇಡೀ ದಿನ ಸಮನಾಗಿ ದುಡಿದರೆ ಕೊಡುವುದು 75 ವ್ಯಾಟ್‌ನಷ್ಟು. ಆ ಲೆಕ್ಕದಲ್ಲಿ ನಮ್ಮ ಕಾಲುವೆಯಲ್ಲಿ ನಾಲ್ಕು ಜನ ಸುಮ್ಮನೆ ಹರಿದುಹೋಗುತ್ತಿದ್ದರು. ಲೆಕ್ಕದ ಹಾಳೆಯನ್ನು ಹುಡುಗ ಮಡಚಿ ಜೇಬಿಗಿಟ್ಟುಕೊಂಡ. ನಾನೂ ಖುಷಿಯಲ್ಲಿದ್ದೆ. ಅವ್ವ ಕಾಫಿ ಕೊಟ್ಟಳು.

ಆಗ ನೀರುಗಂಟಿ ಬಂದ.

ಅರವತ್ತೈದು ದಾಟಿದ ಮನುಷ್ಯ, ಹೆಗಲ ಮೇಲೆ ಸನಿಕೆ. ಅಪ್ಪನ ಕಾಲದಿಂದ ಆ ಕೆರೆಯ ತೂಬು ಕಾಯುವ ಮನೆ. ನಾವು ಹಳ್ಳದ ಅಂಚಿನಲ್ಲಿ ಗೂಟ ನೆಟ್ಟದ್ದನ್ನು ನೋಡಿದ್ದ. ಹುಡುಗ ಮೊದಲೇ ತಯಾರಾಗಿದ್ದವನು ಎಲ್ಲ ಹೇಳಿದ. ಚಕ್ರ ನೀರು ಕುಡಿಯುವುದಿಲ್ಲ, ಮುಟ್ಟಿ ಬಿಡುತ್ತದೆ ಅಷ್ಟೆ, ಎಷ್ಟು ಬಂತೋ ಅಷ್ಟೂ ಕೆಳಗೆ ಹೋಗುತ್ತದೆ, ಒಂದು ಚೊಂಬು ಕಡಮೆಯಾದರೆ ಕೇಳು ಎಂದ. ನೀರುಗಂಟಿ ಪೂರ್ತಿ ಕೇಳಿಸಿಕೊಂಡು ಹೇಳಿದ್ದು ಒಂದೇ ಮಾತು:

"ನೀರು ಕೊಡಾನ ಕಣ್ಲಾ ಮಗ. ಎತ್ರ ಎಲ್ಲಿಂದ ತರಾನ?"

ಆತ ಸನಿಕೆಯ ತುದಿಯಲ್ಲಿ ತೋರಿಸಿದ. ಕಾಲುವೆ ಆ ದಿಣ್ಣೆಯ ಮಗ್ಗುಲಿಗೆ ಅಂಟಿಕೊಂಡು, ಬಳುಕಿ ಬಳುಕಿ, ಹಾವು ಹರಿದ ಹಾಗೆ ಹೋಗುತ್ತದೆ. ನೇರವಾಗಿ ಇಳಿದರೆ ಅರ್ಧ ದಾರಿಯಲ್ಲಿ ಮುಗಿಯುತ್ತಿತ್ತು. ಅಷ್ಟು ಸುತ್ತಿ ಬಳಸಿ ಹೋಗುವುದೇ ಎತ್ತರ ಕಳೆದುಕೊಳ್ಳದಿರಲು. ಎಷ್ಟು ದೂರ ಎತ್ತರ ಹಿಡಿದು ಹೋಗುತ್ತದೋ ಅಷ್ಟು ಗದ್ದೆ ಕಾಲುವೆಯ ಕೆಳಗೆ ಸಿಗುತ್ತದೆ. ಅಂಥ ಕಾಲುವೆ ಸಾವಿರ ಅಡಿಗೆ ಒಂದಡಿ ಇಳಿದರೆ ನಾವು ಕೇಳಿದ ಆರು ಅಡಿ ಎಂದರೆ ಆರು ಸಾವಿರ ಅಡಿ ಕಾಲುವೆ, ಸುಮಾರು 1.8 ಕಿಲೋಮೀಟರು. ಆ ದೂರದಲ್ಲಿ ಇರುವ ಮೇಲುಗದ್ದೆಗಳೆಲ್ಲ ನೀರಿನಿಂದ ಮೇಲೆ ಉಳಿದುಬಿಡುತ್ತವೆ. ಮೂವತ್ತು ವರ್ಷ ಪಾಠ ಹೇಳಿದ ನಾನು ಹರಿವನ್ನು ಅಳೆದೆ, ಇಳಿತವನ್ನು ಅಳೆದೆ. ಆ ಇಳಿತ ಯಾರದ್ದು ಎಂದು ಕೇಳಲಿಲ್ಲ. ಚಕ್ರ ನೀರನ್ನು ತಿನ್ನುವುದಿಲ್ಲ ನಿಜ, ಎತ್ತರವನ್ನು ತಿನ್ನುತ್ತದೆ. ಕೆರೆ ಬಯಲಿನ ಊರಲ್ಲಿ ಎತ್ತರವೇ ಆಸ್ತಿ.

ಸ್ಟಿಕಲ್‌ಪಾತ್‌ನಲ್ಲಿ ಈ ಜಗಳ ಏಳದಿದ್ದುದಕ್ಕೆ ಕಾರಣ ಅಲ್ಲಿಯವರ ಜಾಣತನವಲ್ಲ. ಟಾ ಹೊಳೆ ಹುಟ್ಟುವ ಡಾರ್ಟ್‌ಮೂರ್ ದಿಬ್ಬಗಳ ಮೇಲೆ ವರ್ಷಕ್ಕೆ ಸುಮಾರು 2,000 ಮಿಲಿಮೀಟರು ಮಳೆ, ಅದೂ ಹನ್ನೆರಡು ತಿಂಗಳಿಗೆ ಹಂಚಿಕೊಂಡು. ಅಲ್ಲಿಯ ಹೊಲ ಮಳೆಗೇ ಬೆಳೆಯುತ್ತದೆ, ಹೊಳೆಯ ನೀರನ್ನು ಯಾರೂ ಗದ್ದೆಗೆ ಕೇಳುವುದಿಲ್ಲ. ಹೊಳೆಗೆ ಚಕ್ರ ತಿರುಗಿಸುವುದು ಬಿಟ್ಟು ಬೇರೆ ಉದ್ಯೋಗವೇ ಇರಲಿಲ್ಲ ಎನ್ನಬಹುದು. ನಮ್ಮ ಕಡೆ ಮಳೆ ಅದರ ಮೂರನೆ ಒಂದು ಪಾಲು, ಬೀಳುವುದು ಕೆಲವೇ ವಾರ. ನಮ್ಮ ದೇಶದಲ್ಲೇ ಉತ್ತರಾಖಂಡ, ಕಾಶ್ಮೀರದ ಬೆಟ್ಟಗಳಲ್ಲಿ ಹಿಟ್ಟು ಬೀಸುವ ನೀರುಚಕ್ರಗಳಿವೆ, ಘರಾಟ್ ಎನ್ನುತ್ತಾರೆ. ಅಲ್ಲಿ ಎತ್ತರ ಬಿಟ್ಟಿ ಬಿದ್ದಿದೆ.

ಹುಡುಗನ ಎರಡನೆಯ ಸುತ್ತು

ಅವನು ಸುಲಭಕ್ಕೆ ಬಿಡುವ ಆಸಾಮಿಯಲ್ಲ. ಹದಿನೈದು ದಿನ ಬಿಟ್ಟು ಮತ್ತೆ ಬಂದ. ಕೆರೆ ತುಂಬಿದಾಗ ತೂಬಿನ ಮೇಲೆ ಹತ್ತಡಿ ನೀರು ನಿಂತಿರುತ್ತದೆ. ಆ ಒತ್ತಡವೆಲ್ಲ ತೂಬಿನ ಬಾಯಲ್ಲಿ ನೊರೆಯಾಗಿ ಹಾಳಾಗುತ್ತದೆ, ಕಾಲುವೆಯ ಮಟ್ಟಕ್ಕೂ ಅದಕ್ಕೂ ಸಂಬಂಧವಿಲ್ಲ. ಅಲ್ಲೇ ಹಿಡಿದರೆ ಯಾರ ಎತ್ತರವನ್ನೂ ಕದ್ದ ಹಾಗಾಗುವುದಿಲ್ಲವಲ್ಲ?

ಮಾತು ಸರಿಯಾಗಿತ್ತು. ಆದರೆ ಆ ನೀರನ್ನು ಚಕ್ರದ ನೆತ್ತಿಗೆ ತರಬೇಕೆಂದರೆ ಕೆರೆಯ ಮೇಲುಮಟ್ಟದಲ್ಲೇ ಏರಿಯನ್ನು ತೂತು ಮಾಡಬೇಕು. ಏರಿಗೆ ಕೈ ಹಚ್ಚಲು ಊರಲ್ಲಿ ಯಾರೂ ಒಪ್ಪುವುದಿಲ್ಲ, ಒಪ್ಪಲೂ ಬಾರದು. ತೂಬಿನ ಕೊಳವೆಯ ಬಾಯಿಗೇ ಸಣ್ಣ ಟರ್ಬೈನು ಕೂರಿಸಬಹುದು, ಅದು ಕುಲುಮೆಯ ಮಾತಲ್ಲ, ಇಲಾಖೆಯ ಮಾತು. ಮೇಲಾಗಿ ಕೆರೆ ಇಳಿದಂತೆಲ್ಲ ಒತ್ತಡವೂ ಇಳಿಯುತ್ತದೆ. ಹತ್ತಡಿ ಎಂಬುದು ಸಂಕ್ರಾಂತಿಗೆ ಆರು, ಶಿವರಾತ್ರಿಗೆ ಮೂರು, ಯುಗಾದಿಗೆ ಕೆಸರು.

ಇಲ್ಲಿಗೇ ಕಾಲದ ಲೆಕ್ಕ ಬಂದು ಕೂಡಿಕೊಂಡಿತು. ಗುಳ, ಗುದ್ದಲಿಯ ರಾಶಿ ಬೀಳುವುದು ಯುಗಾದಿಯ ಮೇಲೆ. ಅಷ್ಟು ಹೊತ್ತಿಗೆ ಕೆರೆಯಂಗಳದಲ್ಲಿ ದನ ಮೇಯುತ್ತಿರುತ್ತವೆ. ನೀರು ಹರಿಯುವ ತಿಂಗಳುಗಳಲ್ಲಿ ಕುಲುಮೆಗೆ ಮಚ್ಚು ಬಿಟ್ಟರೆ ಹೆಚ್ಚು ಕೆಲಸವಿಲ್ಲ. ಕುಡುಗೋಲಿನ ಕಾಲ ಒಂದೇ ನೀರಿನ ಕಾಲದ ಅಂಚಿಗೆ ತಾಕುತ್ತದೆ. ಕುಡುಗೋಲಿಗಾದರೋ ದೊಡ್ಡ ಸಮ್ಮಟಿಗೆಯ ಕೆಲಸವೇ ಕಡಮೆ.

ಕೋಡಿಯನ್ನೂ ನೋಡಿದೆವು. ಕೋಡಿಯ ನೀರು ಯಾರ ಪಾಲಿನದೂ ಅಲ್ಲ, ಎತ್ತರವೂ ಚೆನ್ನಾಗಿದೆ. 2022ರ ಮಳೆಗೆ ತುಮಕೂರು ಜಿಲ್ಲೆಯ ಕೆರೆಗಳು ಕೋಡಿ ಬಿದ್ದದ್ದು ಎಲ್ಲರಿಗೂ ನೆನಪಿದೆ. ನೆನಪಿರುವುದೇ ಅದು ಅಪರೂಪವಾದ್ದರಿಂದ. ಎಷ್ಟೋ ವರ್ಷಕ್ಕೊಮ್ಮೆ ಬಾಗಿನ ಬಿಡುವಷ್ಟು ಸಂಭ್ರಮವಿರುವ ನೀರನ್ನು ನಂಬಿ ಕಸುಬು ನಡೆಸಲಾಗುವುದಿಲ್ಲ.

ಇನ್ನು ತಲಪರಿಗೆ. ಮಧುಗಿರಿ, ಪಾವಗಡ, ಕೊರಟಗೆರೆ, ಸಿರಾ ಕಡೆಯವರಿಗೆ ಗೊತ್ತು: ಹೊಳೆಯ ಮರಳಿನಲ್ಲಿ, ಹಳ್ಳದ ಪಕ್ಕದಲ್ಲಿ ನೆಲದೊಳಗಿನ ಊಟೆ ತಾನೇ ಮೇಲೆ ಬಂದು ಬೇಸಿಗೆಯಲ್ಲೂ ಹರಿಯುವ ಜಾಗ. ವರ್ಷವಿಡೀ ಹರಿಯುವ ನೀರು ನಮ್ಮ ಸೀಮೆಯಲ್ಲಿ ಇದ್ದದ್ದು ಇದೊಂದೇ. ಆದರೆ ಅದು ಹುಟ್ಟುವುದೇ ತಗ್ಗಿನಲ್ಲಿ, ಮುಂದೆ ಬೀಳಲು ಜಾಗವಿಲ್ಲ. ಹರಿವೂ ಬೆರಳು ದಪ್ಪ, ತೋಳು ದಪ್ಪ. ಬೋರ್‌ವೆಲ್‌ಗಳು ಇಳಿದ ಮೇಲೆ ಅವುಗಳಲ್ಲಿ ಬಹುಪಾಲು ಬತ್ತಿವೆ. ಜಯಮಂಗಲಿಯೇ ಮಳೆ ಬಂದ ವಾರ ಹೊಳೆ, ಮಿಕ್ಕ ದಿನ ಮರಳು. ಶಿಂಷಾ ಹೊಳೆಯೂ ಅದೂ ದೇವರಾಯನದುರ್ಗದ ಬೆಟ್ಟಗಳಲ್ಲೇ ಹುಟ್ಟುವುದು. ಬೆಟ್ಟವೇನೋ ಇದೆ, ಬೆಟ್ಟದಿಂದ ವರ್ಷವಿಡೀ ಇಳಿಯುವ ನೀರಿಲ್ಲ.

ಕೋಲಾರದ ನನ್ನ ಹಳೆಯ ಸಹೋದ್ಯೋಗಿಯೊಬ್ಬರು ಫೋನಿನಲ್ಲಿ ಇದನ್ನೆಲ್ಲ ಕೇಳಿ, "ನಮ್ಮ ಕಡೆ ಬನ್ನಿ, ಕೆ.ಸಿ. ವ್ಯಾಲಿ ನೀರು ಬೇಸಿಗೆಯಲ್ಲೂ ಕೆರೆಯಿಂದ ಕೆರೆಗೆ ಹರೀತಾ ಇದೆ" ಎಂದರು. ಬೆಂಗಳೂರಿನ ಕೊಳಚೆ ಶುದ್ಧೀಕರಿಸಿ ದಿನಕ್ಕೆ 440 ದಶಲಕ್ಷ ಲೀಟರು ಕೋಲಾರದ ಕೆರೆಗಳಿಗೆ ತುಂಬಿಸುವ ಯೋಜನೆ ಅದು, 2018ರಿಂದ ನೀರು ಬರುತ್ತಿದೆ. ಆ ನೀರಿಗೆ ಚಕ್ರ ಹಾಕಬಹುದು, ಸುಳ್ಳಲ್ಲ. ಆದರೆ ಆ ನೀರು ಕೋಲಾರಕ್ಕೆ ಹತ್ತಿದ್ದೇ ಪಂಪಿನಲ್ಲಿ. ಅದರಲ್ಲಿ ಚಕ್ರ ತಿರುಗಿಸುವುದೆಂದರೆ ಕರೆಂಟನ್ನೇ ಸುತ್ತುದಾರಿಯಲ್ಲಿ ಕುಲುಮೆಗೆ ತಂದ ಹಾಗೆ.

ಒಂದೇ ಕಣದ ರಾಗಿ

ನನ್ನ ಹಳೆಯ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಕುಲುಮೆಯ ಯಜಮಾನನ ಬಾಯಲ್ಲಿ, ಅದೂ ಬೇರೆ ಏನೋ ಮಾತಾಡುವಾಗ. ಅವರ ಅಜ್ಜನಿಗೆ ಕೂಲಿ ಎಂಬುದೇ ಇರಲಿಲ್ಲವಂತೆ. ಸುಗ್ಗಿಯಲ್ಲಿ ಕಣಕ್ಕೆ ಹೋದರೆ ಪ್ರತಿ ಒಕ್ಕಲಿನಿಂದ ಇಷ್ಟು ಹೊರೆ, ಇಷ್ಟು ಮೊರ ಕಾಳು. ಅದಕ್ಕೆ ಆಯ ಎನ್ನುತ್ತಿದ್ದರು. ಮೈಸೂರು ಸೀಮೆಯ ಹಳ್ಳಿಗಳಲ್ಲಿ ಹನ್ನೆರಡು ಆಯಗಾರರು ಎಂಬ ಏರ್ಪಾಟು ಇತ್ತು: ಗೌಡ, ಶಾನುಭೋಗ, ಕಮ್ಮಾರ, ಬಡಗಿ, ಕುಂಬಾರ, ಅಗಸ, ತಳವಾರ, ತೋಟಿ, ನೀರುಗಂಟಿ, ಹೀಗೆ. ಕಮ್ಮಾರನೂ ನೀರುಗಂಟಿಯೂ ಒಂದೇ ಕಣದಲ್ಲಿ ಅಕ್ಕಪಕ್ಕ ನಿಂತು ಮೊರ ಒಡ್ಡಿದವರು. ಕೆರೆ ಕೆಳಗಿನ ಗದ್ದೆ ಒಂದು ಕುಂಟೆ ಒಣಗಿದರೆ ಕಮ್ಮಾರನ ಮೊರದಲ್ಲೂ ಒಂದು ಹಿಡಿ ಕಡಮೆ. ಅಂಥವನು ತನ್ನ ಸಮ್ಮಟಿಗೆ ಎತ್ತಲು ಕಾಲುವೆಯ ಎತ್ತರ ಕೇಳಿದ್ದರೆ ತನ್ನ ಅನ್ನವನ್ನೇ ತಾನು ಬಡಿದು ಚಪ್ಪಟೆ ಮಾಡಿದಂತಾಗುತ್ತಿತ್ತು. ಬುದ್ಧಿ ಹೊಳೆಯಲಿಲ್ಲ ಎಂದು ನಾನು ಯೋಚಿಸಿದ್ದೇ ತಪ್ಪು. ಹೊಳೆದರೂ ಅದಕ್ಕೆ ಇಲ್ಲಿ ಜಾಗವಿರಲಿಲ್ಲ.

ಕಬ್ಬಿಣದ ವಿದ್ಯೆಯಲ್ಲಂತೂ ಈ ಸೀಮೆ ಹಿಂದುಳಿದಿರಲಿಲ್ಲ. ಟಿಪ್ಪು ಸತ್ತ ಮರುವರ್ಷ, 1800ರಲ್ಲಿ, ಕುಂಪಣಿಯ ವೈದ್ಯ ಫ್ರಾನ್ಸಿಸ್ ಬುಕಾನನ್ ಮೈಸೂರು ಸೀಮೆಯನ್ನು ಸುತ್ತಿದಾಗ ಮಧುಗಿರಿ ಕಡೆಯ ಕಬ್ಬಿಣ, ಉಕ್ಕಿನ ಕೆಲಸವನ್ನೂ ನೋಡಿ ಬರೆದ. ಮಣ್ಣಿನ ಮೂಸೆಯಲ್ಲಿ ಕಬ್ಬಿಣದ ತುಂಡು, ಜೊತೆಗೆ ತಂಗಡಿ ಗಿಡದ ಕಡ್ಡಿ, ಮೇಲೆ ಹಸಿ ಎಲೆ, ಬಾಯಿ ಮುಚ್ಚಿ ಒಲೆಗೆ. ಮೈಸೂರು ಸೀಮೆಯಲ್ಲಿ ಉಕ್ಕು ಮಾಡುತ್ತಿದ್ದ ರೀತಿ ಅದು. ಕಡ್ಡಿಯ ಇಂಗಾಲ ಕಬ್ಬಿಣಕ್ಕೆ ಇಳಿದು ಉಕ್ಕಾಗುತ್ತಿತ್ತು. ಇಂಗ್ಲಿಷಿನವರು ಅದನ್ನು ವೂಟ್ಸ್ ಎಂದು ಕರೆದದ್ದು ನಮ್ಮ ಉಕ್ಕು ಎಂಬ ಮಾತನ್ನೇ ತಪ್ಪಾಗಿ ಕೇಳಿಸಿಕೊಂಡು ಎನ್ನುತ್ತಾರೆ. ತಂಗಡಿ ಇವತ್ತಿಗೂ ಮಧುಗಿರಿ ರಸ್ತೆಯ ಎರಡೂ ಬದಿಗೆ ಹಳದಿ ಹೂ ಬಿಟ್ಟು ನಿಂತಿರುತ್ತದೆ. ಆ ಒಲೆಗಳಿಗೆ ಗಾಳಿ ಊದಿದ್ದು ಮನುಷ್ಯರ ಕೈ.

ಹೆಂಗಸರ ಕೈಯೂ ಎಂದು ಸೇರಿಸುವುದು ನ್ಯಾಯ. ಚಕ್ರದ ಇತಿಹಾಸ ಬರೆಯುವವರು ಹೊಳೆಯ ನೀರು ಎಷ್ಟು ಆಳಿನ ಕೆಲಸ ಉಳಿಸಿತು ಎಂದು ಲೆಕ್ಕ ಕೊಡುತ್ತಾರೆ. ಚಕ್ರವಿಲ್ಲದ ಕಡೆ ಆ ಕೆಲಸ ಯಾರ ಭುಜದಲ್ಲಿ ಕೂತಿತು ಎಂದು ಬರೆದವರು ಕಡಮೆ. ನಾನು ನೋಡಿದ ಕುಲುಮೆಗಳಲ್ಲಿ ತಿದಿ ಎಳೆದದ್ದು, ಎದುರು ಸಮ್ಮಟಿಗೆ ಹೊಡೆದದ್ದು ಹೆಚ್ಚಾಗಿ ಹೆಂಡತಿ. ಆಯ ಕೊಡುವಾಗ ಮೊರ ಮಾತ್ರ ಒಂದೇ.

92 ಮೈಲಿ ದೂರದ ನೀರು

ಹಾಗಾದರೆ ನಮ್ಮ ಸುತ್ತಿನ ಬಯಲುಸೀಮೆಯಲ್ಲಿ ನೀರಿನಿಂದ ನಡೆದ ಕುಲುಮೆ ಇರಲೇ ಇಲ್ಲವೆ? ಇತ್ತು ಎಂಬುದು ನನ್ನ ವಾದ, ಹುಡುಗನಿಗೆ ಇದನ್ನು ಹೇಳಿದಾಗ ನಕ್ಕ. 1902ರಲ್ಲಿ ಶಿವನಸಮುದ್ರದಲ್ಲಿ ಕಾವೇರಿ ನೂರಾರು ಅಡಿ ಧುಮುಕುವಲ್ಲಿ ವಿದ್ಯುತ್ ತಯಾರಾಯಿತು. ದಿವಾನ್ ಶೇಷಾದ್ರಿ ಅಯ್ಯರ್ ಕಾಲದ ಯೋಜನೆ ಅದು. ಆ ಕರೆಂಟು ಮೊದಲು ಹೋದದ್ದು ಮೈಸೂರಿಗೂ ಅಲ್ಲ, ಬೆಂಗಳೂರಿಗೂ ಅಲ್ಲ, 92 ಮೈಲಿ ದೂರದ ಕೋಲಾರದ ಚಿನ್ನದ ಗಣಿಗೆ. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ. ಗಣಿ ಎಂದರೆ ಬಂಡೆ ಕೊರೆಯುವ ಉಳಿ, ಕಂಬಿಗಳ ಲೋಕ. ಬಂಡೆ ಕೊರೆದ ಮೊನೆ ಮೊಂಡಾಗಲೇಬೇಕು, ಮೊಂಡಾದದ್ದು ಕುಲುಮೆಗೆ ಬಂದು ಕಾದು, ಬಡಿಸಿಕೊಂಡು, ಹದ ಹಾಕಿಸಿಕೊಂಡು ಮತ್ತೆ ಪಾತಾಳಕ್ಕೆ ಇಳಿಯಬೇಕು. ಆ ಗಣಿಗಳಿಗೆ ಕೆಲಸ ಕಲಿಸಲು ಬಂದವರಲ್ಲಿ ಅನೇಕರು ಇಂಗ್ಲೆಂಡಿನ ಕಾರ್ನ್‌ವಾಲ್‌ನವರು, ಸ್ಟಿಕಲ್‌ಪಾತ್ ಇರುವ ಡೆವನ್ನಿನ ನೆರೆಮನೆ. ಅವರ ಊರಲ್ಲಿ ಕುಲುಮೆ ಹೊಳೆಯ ದಂಡೆಗೆ ಹೋಗಿತ್ತು. ಇಲ್ಲಿ ಹೊಳೆಯ ಎತ್ತರವನ್ನೇ ತಂತಿಯ ಮೇಲೆ ಕುಲುಮೆಯ ಹತ್ತಿರಕ್ಕೆ ತಂದರು. ಯಾರ ಗದ್ದೆಯ ಮಟ್ಟವನ್ನೂ ಮುಟ್ಟದೆ ಎತ್ತರವನ್ನು ಸಾಗಿಸುವ ಉಪಾಯ ಅದೊಂದೇ ಆಗಿತ್ತು.

"ಹಂಗಾದ್ರೆ ನಮ್ ಬ್ಲೋವರ್ರೂ ನೀರಿಂದೇ ನಡೀತಿದೆ ಅನ್ನಿ" ಎಂದ ಹುಡುಗ. ಈಗ ಅಷ್ಟು ಸಲೀಸಾಗಿ ಹೇಳುವಂತಿಲ್ಲ. ನಮ್ಮದೇ ಜಿಲ್ಲೆಯ ಪಾವಗಡದಲ್ಲಿ ಹದಿಮೂರು ಸಾವಿರ ಎಕರೆಯಲ್ಲಿ 2,050 ಮೆಗಾವ್ಯಾಟ್ ಸೋಲಾರ್ ಹರಡಿಕೊಂಡಿದೆ. ಹಗಲು ಹೊತ್ತು ಅವನ ಒಲೆಗೆ ಊದುತ್ತಿರುವುದು ಬಿಸಿಲೇ ಇರಬಹುದು.

ಆದದ್ದು

ಚಕ್ರ ಬರಲಿಲ್ಲ. ಕಳೆದ ವರ್ಷ ಸ್ತ್ರೀಶಕ್ತಿ ಸಂಘದಲ್ಲಿ ಅವ್ವ ಸಾಲ ತೆಗೆದಳು. ಪೀಣ್ಯದಲ್ಲಿ ಬಾಗಿಲು ಮುಚ್ಚಿದ ಒಂದು ಶೆಡ್ಡಿನಿಂದ ಹಳೆಯ ಪವರ್ ಹ್ಯಾಮರ್ ಒಂದನ್ನು ಮಗ ತಂದ. ಮೂರು ಎಚ್‌ಪಿ ಮೋಟರು, ನಮ್ಮ ಕಾಲುವೆ ಕೊಡುತ್ತಿದ್ದುದರ ಏಳೆಂಟು ಪಟ್ಟು. ಅದನ್ನು ಕೂರಿಸಲು ನೆಲ ಅಗೆದು ಕಾಂಕ್ರೀಟು ಹಾಕುವಾಗ ಅಪ್ಪನ ಮುಖ ಗಂಟಿಕ್ಕಿಕೊಂಡೇ ಇತ್ತು. ಮೊದಲ ವಾರ ಎರಡು ಗುಳ ಸೀಳಿಹೋದವು. ಹೆಂಡತಿಗಾದರೆ ಸುತ್ತಿಗೆಯ ಸದ್ದಿನಲ್ಲೇ ಮೆಲ್ಲಗೆ, ಜೋರಾಗಿ, ಸಾಕು ಎಂದು ಹೇಳಬಹುದಿತ್ತು, ಯಂತ್ರಕ್ಕೆ ಆ ಭಾಷೆ ಗೊತ್ತಿಲ್ಲ. ಮಗ ಕಾಲಡಿಯ ಪೆಡಲಿಗೆ ಒಂದು ಸ್ಪ್ರಿಂಗು ಸೇರಿಸಿದ ಮೇಲೆ ಸ್ವಲ್ಪ ಹದಕ್ಕೆ ಬಂತು. ಈಗ ಅವ್ವ ಒಲೆಯ ಕಡೆ ಕೂತು ಮಚ್ಚಿನ ಹಿಡಿಗೆ ಮರ ಕೆತ್ತುತ್ತಾಳೆ. ಭುಜದ ನೋವು ಹೋಗಿಲ್ಲ. ತಡವಾಯಿತು ಎಂದು ಡಾಕ್ಟರು ಹೇಳಿದರಂತೆ.

ಒಂದು ತೊಡಕು ಉಳಿದಿದೆ. ಮೋಟರಿಗೆ ತ್ರೀ ಫೇಸ್ ಬೇಕು. ಕುಲುಮೆ ಊರಾಚೆ ಇರುವುದರಿಂದ ಅದಕ್ಕೆ ಸಿಕ್ಕಿರುವುದು ತೋಟದ ಪಂಪ್‌ಸೆಟ್ಟುಗಳ ಲೈನು. ಅದರಲ್ಲಿ ತ್ರೀ ಫೇಸ್ ಬರುವುದು ಪಾಳಿಯ ಮೇಲೆ, ಒಂದು ವಾರ ಹಗಲು, ಒಂದು ವಾರ ರಾತ್ರಿ, ಬೋರ್‌ವೆಲ್‌ಗಳಿಗೆ ಯಾವಾಗ ಬಿಡುತ್ತಾರೋ ಆವಾಗ. ಹೋದ ತಿಂಗಳು ಅಲ್ಲಿಗೆ ಹೋದಾಗ ಮೂವರೂ ಸುಮ್ಮನೆ ಕೂತಿದ್ದರು. ಬ್ಲೋವರ್ ಸಿಂಗಲ್ ಫೇಸಿನಲ್ಲಿ ಊದುತ್ತಿತ್ತು, ಕಬ್ಬಿಣ ಕೆಂಪಾಗಿ ಕಾದು ಕೂತಿತ್ತು. ನೀರುಗಂಟಿಯೂ ಬಂದು ಹುಣಸೆಮರದ ಬುಡದಲ್ಲಿ ಬೀಡಿ ಹಚ್ಚಿದ್ದ. ಅವನ ಮಗನ ತೋಟಕ್ಕೂ ಅದೇ ಲೈನು. ನಾಲ್ಕು ಗಂಟೆಗೆ ದೂರದ ಯಾವುದೋ ತೋಟದಲ್ಲಿ ಪೈಪು ಕೆಮ್ಮಿದ ಸದ್ದು ಕೇಳಿಸಿತು. "ನೀರು ಬಂತು, ಏಳ್ರಪ್ಪ" ಎಂದ ನೀರುಗಂಟಿ. ಹುಡುಗ ಎದ್ದು ಸ್ವಿಚ್ಚು ಒತ್ತಿದ.